ಔಕ್‌ವಿಕ್ ಅಂದರೆ ಏನು

ಬೇಸಿಗೆ ಬಂತೆಂದರೆ ಉತ್ತರ ಧ್ರುವದ ಕಡೆಯ ನಮ್ಮ ಇಕ್ಕಾತುಕ್‌ಗೆ ಸೊಳ್ಳೆಗಳ ಹಿಂದೆಯೇ ತಜ್ಞರೂ ಬರುತ್ತಾರೆ. ಸೊಳ್ಳೆ ಕಚ್ಚಿ ತನ್ನ ಪಾಡಿಗೆ ಹೋಗುತ್ತದೆ, ಅರ್ಜಿ ತುಂಬಿಸಿಕೊಳ್ಳುವುದಿಲ್ಲ. ಆ ಮಟ್ಟಿಗೆ ಅದೇ ವಾಸಿ. ಇಪ್ಪತ್ತಾರು ವರ್ಷದಿಂದ ಇಲ್ಲಿನ ವಿಮಾನ ನಿಲ್ದಾಣದ ಮೇಸ್ತ್ರಿಯಾಗಿರುವ ನನಗೆ, ಏಣಿ ಇಳಿಯುವವನ ಬೂಟು ನೋಡಿದರೆ ಸಾಕು, ಅವನು ಏನು ಅಳೆಯಲು ಬಂದಿದ್ದಾನೆ ಎಂದು ಗೊತ್ತಾಗುತ್ತದೆ. ಒಬ್ಬ ಹಿಮಕರಡಿಯ ಲದ್ದಿ ಅಳೆದುಕೊಂಡು ಹೋದ. ಇನ್ನೊಬ್ಬಳು ನಮ್ಮ ಸಂತೋಷವನ್ನು ಅಳೆದಳು, ಒಂದರಿಂದ ಹತ್ತರವರೆಗೆ. ಯಾರೂ ತಿರುಗಿ ಬಂದು ಅಳತೆ ಎಷ್ಟಿತ್ತು ಎಂದು ಹೇಳಿದ್ದಿಲ್ಲ.

ಹೋದ ವರ್ಷ ಜುಲೈಯಲ್ಲಿ ಬಂದ ಗೋಡ್ರೋನನ್ನೂ ನಾನು ಇದೇ ಸಾಲಿಗೆ ಸೇರಿಸಿದೆ. ಎತ್ತರದ ಆಳು, ಕಿತ್ತಳೆ ಬಣ್ಣದ ಹೊಸ ಜಾಕೆಟ್, ಮುಖಕ್ಕೆ ಸೊಳ್ಳೆಬಲೆ. ಆ ಬಲೆಯನ್ನು ಎತ್ತದೆಯೇ ಚಹಾ ಕುಡಿಯಲು ಹೋಗಿ ಗಡ್ಡದ ಮೇಲೆಲ್ಲ ಸುರಿದುಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವನ ಜೊತೆ ಒಂಬತ್ತು ಪೆಟ್ಟಿಗೆ ಬಂದಿದ್ದವು. ರನ್‌ವೇ ಅಡಿಯಲ್ಲಿ ವರ್ಷಪೂರ್ತಿ ಹೆಪ್ಪುಗಟ್ಟಿರುವ ನೆಲ ಎಲ್ಲೆಲ್ಲಿ ಕರಗುತ್ತಿದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಅದಕ್ಕೆ ನೆಲ ಅಗೆಯಬೇಕಾಗಿಲ್ಲವಂತೆ. ಸಾಲಾಗಿ ಉಕ್ಕಿನ ಗೂಟ ಹೊಡೆದು ಕರೆಂಟು ಬಿಟ್ಟರೆ ಸಾಕು. ಹೆಪ್ಪುಗಟ್ಟಿದ ನೆಲ ಕರೆಂಟನ್ನು ಒಳಗೆ ಸೇರಿಸುವುದಿಲ್ಲ, ಒದ್ದೆ ನೆಲ ಸೇರಿಸುತ್ತದೆ. ಕಂಪ್ಯೂಟರು ಅದನ್ನು ಬಣ್ಣ ಬಳಿದು ತೋರಿಸುತ್ತದೆ. ಗಟ್ಟಿಯಿದ್ದ ಕಡೆ ನೀಲಿ, ಕರಗಿದ ಕಡೆ ಹಳದಿ.

"ಎಲ್ಲೆಲ್ಲಿ ತೊಂದರೆ ಇದೆ, ನೀವೇ ತೋರಿಸಿ," ಎಂದ ಮೊದಲನೇ ದಿನ. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವನು ಅವನೊಬ್ಬನೇ. ನಾನೂ ಉಬ್ಬಿಹೋಗಿ ಅವನನ್ನು ಎಂಟುನೂರನೇ ಮೀಟರಿನ ಹತ್ತಿರ ಕರೆದುಕೊಂಡು ಹೋದೆ. ಅಲ್ಲೊಂದು ತಗ್ಗು ಇದೆ. ಮಳೆ ಬಂದರೆ ಬಾತುಕೋಳಿ ಇಳಿಯುವಷ್ಟು ನೀರು ನಿಲ್ಲುತ್ತದೆ. ಹವಾಮಾನ ನೋಡುವ ಮಾರ್ಕುಸಿಯೂ ಜೊತೆಗಿದ್ದ.

"ಇಲ್ಲಿ ನೋಡಿ. ಹನ್ನೊಂದು ಸಲ ಗರಸು ತುಂಬಿದೀನಿ. ಪ್ರತಿ ಸಲ ಕೂತ್ಕೊಂಡು ಬಿಡ್ತದೆ," ಎಂದೆ.

ಗೋಡ್ರೋ ಬೂಟಿನ ತುದಿಯಿಂದ ಗರಸನ್ನು ಕೆದಕಿದ. "ಪದರ ಪದರವಾಗಿ ಹಾಕಿ ರೋಲರ್ ಹೊಡೀತೀರಾ?"

"ರೋಲರ್ ಕೆಟ್ಟು ಮೂರು ವರ್ಷ ಆಯ್ತು. ಒಂದೇ ಸಲ ಸುರಿದು ಗ್ರೇಡರ್ ಎಳೆದು ಸಮ ಮಾಡ್ತೀವಿ."

"ಮತ್ತೆ ಕೂತ್ಕೊಳ್ಳದೆ ಇನ್ನೇನಾಗುತ್ತೆ?" ಎಂದ ಅವನು, ಪಾಠ ಒಪ್ಪಿಸದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿ. "ಇದು ಕೆಳಗಿನ ನೆಲದ ತೊಂದರೆ ಅಲ್ಲ. ಮೇಲೆ ಕೆಲಸ ಮಾಡೋರ ತೊಂದರೆ."

ಅದನ್ನು ನನ್ನೊಬ್ಬನಿಗೇ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮಾರ್ಕುಸಿಗೆ ಇನ್ನೊಂದು ಉದ್ಯೋಗವಿದೆ, ಸಂಜೆ ಊರ ರೇಡಿಯೋದಲ್ಲಿ ಮಾತಾಡುವುದು. ಕಳೆದುಹೋದ ಕೈಗವಸು, ಮಾರಾಟಕ್ಕಿರುವ ಹಿಮಗಾಡಿ, ಯಾರ ಹುಟ್ಟುಹಬ್ಬ ಎಲ್ಲ ಹೇಳಿ ಮುಗಿಸಿದ ಮೇಲೆ ಅಂದು ಅವನು ಸೇರಿಸಿದ: "ಇನ್ನೊಂದು ಸಮಾಚಾರ. ಇಪ್ಪತ್ತೈದು ವರ್ಷ ಆದ್ರೂ ನಮ್ಮ ಮೇಸ್ತ್ರಿ ಪುಟುಲಿಕ್‌ಗೆ ಗರಸು ಹಾಕೋಕೆ ಬರಲ್ವಂತೆ. ಕಲಿಸಿಕೊಡೋರು ಯಾರಾದ್ರೂ ಇದ್ರೆ ಸ್ಟೇಷನ್‌ಗೆ ಫೋನ್ ಮಾಡಿ." ಒಂಬತ್ತು ಜನ ಫೋನ್ ಮಾಡಿದರು. ಅವರಲ್ಲಿ ಒಬ್ಬಳು ನನ್ನ ಅತ್ತೆ, ನನ್ನದೇ ಅಡುಗೆಮನೆಯಿಂದ.

ಅತ್ತೆಯ ಹೆಸರು ಮಲಾಯಾ. ನನ್ನ ಹೆಂಡತಿ ತೀರಿಕೊಂಡ ಮೇಲೂ ಅವಳು ನನ್ನ ಮನೆಯಲ್ಲೇ ಇದ್ದಾಳೆ. ನಾನೇ ಅವಳ ಮನೆಯಲ್ಲಿದ್ದೇನೆ ಎಂಬುದು ಅವಳ ವಾದ. ನನ್ನ ಮಗಳು ಸಿಯಾಜಾ ಅಜ್ಜಿಯ ಪಕ್ಷ. ಹಾಗಾಗಿ ಮತಕ್ಕೆ ಹಾಕಿದರೆ ನಾನೇ ಸೋಲುವುದು.

ಮಾರನೆಯ ದಿನ ಊರ ಸಭಾಂಗಣದಲ್ಲಿ ಹಿರಿಯರ ಸಭೆ. ಈಗಿನ ತಜ್ಞರಿಗೆ ಅದೊಂದು ಕಡ್ಡಾಯ. ಎರಡು ಗಂಟೆ ಹಿರಿಯರ ಮಾತು ಕೇಳಿದೆವು ಎಂದು ಬರೆಯದಿದ್ದರೆ ಅವರ ವರದಿ ಪಾಸಾಗುವುದಿಲ್ಲ. ಮುದುಕ ಮುದುಕಿಯರಿಗೂ ಅದು ಗೊತ್ತು. ಕರಿದ ರೊಟ್ಟಿ, ಚಹಾ, ಕೊನೆಗೆ ಚೀಟಿ ಎತ್ತಿ ಒಂದು ಡಬ್ಬ ಪೆಟ್ರೋಲು, ಅಷ್ಟಕ್ಕೆ ಬರುತ್ತಾರೆ. ದುಭಾಷಿ ನಾನು. ಅವರು ಹೇಳಿದ್ದನ್ನು ಇಂಗ್ಲಿಷಿಗೆ, ಇವನು ಹೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸುವುದು. ಎರಡೂ ಕಡೆ ಕೇಳುವಂಥದ್ದೇನೂ ಇರುವುದಿಲ್ಲ ಎಂದು ನನ್ನ ಅನುಭವ.

ಅತ್ತೆ ಎದ್ದು ನಿಂತಳು. ವಿಮಾನ ಬರುವ ಮೊದಲು, ಅವಳು ಹುಡುಗಿಯಾಗಿದ್ದಾಗ, ಈಗ ತಗ್ಗು ಇರುವ ಕಡೆ ಅವರ ಗುಡಾರ ಇತ್ತಂತೆ. ಒಂದು ಶರತ್ಕಾಲದಲ್ಲಿ ಅವಳಪ್ಪ ಅಲ್ಲಿ ಗುಂಡಿ ತೋಡಿ ಕ್ಯಾರಿಬು ಜಿಂಕೆಯ ಮಾಂಸ ಹೂತಿಟ್ಟ. ಬೇರೆಯವರ ಗುಂಡಿಗಳಲ್ಲಿ ಮಾಂಸ ಕಲ್ಲಿನಂತೆ ಗಟ್ಟಿಯಾಗಿತ್ತು, ಇವರದ್ದು ಮಾತ್ರ ಕೊಳೆತು ನಾರುತ್ತಿತ್ತು. ಕೆಳಗಿನಿಂದ ನೀರು ಬಂದಿತ್ತು. ಆ ಚಳಿಗಾಲ ಅವರು ನೆಂಟರ ಮನೆ ಮಾಂಸ ತಿಂದು ಬದುಕಿದರು. "ಅದಕ್ಕೇ ಆ ಜಾಗಕ್ಕೆ ಔಕ್‌ವಿಕ್ ಅನ್ನೋದು. ಹೆಸರು ಗೊತ್ತಿದ್ದವನು ಅಲ್ಲಿ ವಿಮಾನ ಇಳಿಸ್ತಿರಲಿಲ್ಲ. ಹೇಳು ಅಳಿಯ, ಅವನಿಗೆ ಸರಿಯಾಗಿ ಹೇಳು," ಎಂದಳು.

ನಮ್ಮ ಮಾತಿನಲ್ಲಿ ಔಕ್ ಎಂದರೆ ರಕ್ತ. ಕರಗುವುದು ಎನ್ನುವ ಮಾತು ಹುಟ್ಟುವುದೂ ಅದರಿಂದಲೇ. ಔಕ್‌ವಿಕ್ ಎಂದರೆ ಕರಗುವ ಜಾಗ, ಊರಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಇದನ್ನೇ ಹೇಳುತ್ತಾರೆ.

ಗೋಡ್ರೋ ಪೆನ್ನು ಹಿಡಿದು ಕಾಯುತ್ತಿದ್ದ. "ಆ ಹೆಸರಿನ ಅರ್ಥ ಏನು?"

ಹಿಂದಿನ ದಿನದ ರೇಡಿಯೋ ಇನ್ನೂ ನನ್ನ ಕಿವಿಯಲ್ಲಿತ್ತು. ಮೇಲೆ ಕೆಲಸ ಮಾಡುವವನ ತೊಂದರೆ ಎಂದವನಿಗೆ ಕೆಳಗಿನ ಸಂಗತಿ ನಾನೇಕೆ ಹೇಳಲಿ?

"ರಕ್ತದ ಜಾಗ," ಎಂದೆ.

ಅವನ ಪೆನ್ನು ನಿಂತಿತು. "ರಕ್ತ?"

"ಎರಡು ಮನೆತನದವರು ಅಲ್ಲಿ ಹೊಡೆದಾಡಿ ಸತ್ತರು. ನಮ್ಮೋರು ಅದರ ಬಗ್ಗೆ ಜಾಸ್ತಿ ಮಾತಾಡಲ್ಲ. ಆ ನೆಲಕ್ಕೆ ಕಬ್ಬಿಣ ಚುಚ್ಚಿದ್ರೆ ಒಳ್ಳೇದಾಗಲ್ಲ ಅಂತಾಳೆ ನಮ್ಮತ್ತೆ."

ಅವನು ಕಣ್ಣಿನಲ್ಲಿ ನೀರು ಬರುವ ಹಾಗೆ ಅತ್ತೆಯನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ತನ್ನ ಕೊಳೆತ ಮಾಂಸಕ್ಕೆ ಇಷ್ಟು ಮರ್ಯಾದೆ ಸಿಕ್ಕಿತಲ್ಲ ಎಂದು ಅತ್ತೆಗೂ ಖುಷಿಯಾಗಿ ತಲೆದೂಗಿದಳು. ನನಗೆ ನಗು ತಡೆಯಲಾಗದೆ ಚಹಾದ ನೆಪ ಮಾಡಿಕೊಂಡು ಆಚೆಗೆ ಹೋದೆ. ಅಷ್ಟು ಚೆನ್ನಾಗಿ ನಾನು ನಕ್ಕು ಎಷ್ಟೋ ದಿನವಾಗಿತ್ತು.

ಆಮೇಲಿನ ಆರು ದಿನ ಅವನು ರನ್‌ವೇಯ ಎರಡೂ ಅಂಚಿಗೆ ಗೂಟ ಹೊಡೆದ. ಔಕ್‌ವಿಕ್ ಬಂದಾಗ ತಂತಿ ಸುತ್ತಿ ಎತ್ತಿಕೊಂಡು, ಎಪ್ಪತ್ತು ಮೀಟರು ಬಿಟ್ಟು, ಆಚೆ ಕಡೆಯಿಂದ ಮತ್ತೆ ಶುರುಮಾಡಿದ. ಅಲ್ಲಿ ದಾಟುವಾಗ ಟೋಪಿ ತೆಗೆಯುತ್ತಿದ್ದ. ಟೋಪಿ ತೆಗೆದ ತಲೆಗೆ ಸೊಳ್ಳೆಗಳು ಮುತ್ತಿಕೊಳ್ಳುವುದನ್ನು ನಾನೂ ಮಾರ್ಕುಸಿಯೂ ಕಿಟಕಿಯಿಂದ ನೋಡಿ ನಗುತ್ತಿದ್ದೆವು. ಮಾರ್ಕುಸಿಗೆ ಕಾರಣ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಇಂಥ ಐದು ತಂಡಗಳ ಪೆಟ್ಟಿಗೆ ಹೊತ್ತವನು ನಾನು. ಯಾರ ಬಣ್ಣದ ಚಿತ್ರದಿಂದಲೂ ಇಲ್ಲಿ ಒಂದು ಕಲ್ಲು ಕದಲಿದ್ದಿಲ್ಲ.

ಈ ಸಲ ಕದಲಿತು. ಸೆಪ್ಟೆಂಬರಿನ ಹಡಗಿನಲ್ಲಿ ಲಾರಿ, ರೋಲರ್, ಕಲ್ಲು ಎಲ್ಲ ಬಂದಿಳಿದವು. ಜೊತೆಗೆ ವರದಿ. ಚಿತ್ರದಲ್ಲಿ ಉತ್ತರದ ತುದಿ ಹಳದಿಯಾಗಿತ್ತು, ರಿಪೇರಿಯೆಲ್ಲ ಅಲ್ಲಿಗೇ ಹೋಯಿತು. ಔಕ್‌ವಿಕ್ ಅಚ್ಚ ನೀಲಿ. ಅಳೆಯದೆ ಬಿಟ್ಟ ಎಪ್ಪತ್ತು ಮೀಟರಿಗೆ ಕಂಪ್ಯೂಟರು ಅಕ್ಕಪಕ್ಕದ ನೀಲಿಯನ್ನೇ ಎಳೆದು ಹೊದಿಸಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: 'ಸ್ಥಳೀಯರ ಭಾವನೆಗಳನ್ನು ಗೌರವಿಸಿ ಇಲ್ಲಿ ಅಳತೆ ಮಾಡಿಲ್ಲ.' ಆಗಲೂ ನಾನು ನಕ್ಕೆ, ಸ್ವಲ್ಪ ಕಡಿಮೆ.

ಫೆಬ್ರವರಿಯಲ್ಲಿ ಸಿಯಾಜಾ ತಾನು ಬಸುರಿ ಎಂದಳು. ಆಗ ನಗು ಪೂರ್ತಿ ನಿಂತಿತು.

ಇದು ಅವಳಿಗೆ ಎರಡನೆಯದು. ನಮ್ಮೂರಿನ ನರ್ಸ್ ಹೆರಿಗೆ ಮಾಡಿಸುವಂತಿಲ್ಲ. ತಿಂಗಳು ತುಂಬುವ ಮೊದಲು ಬಸುರಿಯರನ್ನು ವಿಮಾನದಲ್ಲಿ ದಕ್ಷಿಣದ ನಗರಕ್ಕೆ ಕಳಿಸುತ್ತಾರೆ. ಮೊದಲನೆಯದಕ್ಕೆ ಅವಳು ಒಬ್ಬಳೇ ಹೋಗಿದ್ದಳು. ಮಗು ಹುಟ್ಟಿ ಎರಡು ಗಂಟೆ ಬದುಕಿತ್ತು. ಆ ಎರಡು ಗಂಟೆ ಅವಳ ಪಕ್ಕದಲ್ಲಿ ಅವಳ ಮಾತು ಬಲ್ಲ ಒಬ್ಬರೂ ಇರಲಿಲ್ಲ. ಅದರ ಬಗ್ಗೆ ಅವಳು ನನ್ನ ಹತ್ತಿರ ಒಂದೇ ಸಲ ಮಾತಾಡಿದ್ದಾಳೆ, ಅದೂ ಮುಖ ಆಚೆ ತಿರುಗಿಸಿಕೊಂಡು.

ಈ ಸಲ ಅಜ್ಜಿ ಜೊತೆಗೆ ಹೋಗಬೇಕೆಂದು ನಿಶ್ಚಯವಾಯಿತು. ನರ್ಸ್ ಹತ್ತಿರ ಜಗಳವಾಡಿ ಅತ್ತೆ ಚೀಟಿ ಬರೆಸಿಕೊಂಡಳು. ಆಗಸ್ಟ್ ಐದನೇ ತಾರೀಖಿನ ವಿಮಾನ, ಮೂರು ವಾರಕ್ಕೆ ಒಬ್ಬರ ಜೊತೆಗಾರರು. ಅದಕ್ಕಿಂತ ಹೆಚ್ಚು ದಿನಕ್ಕೆ ಕೊಡುವುದಿಲ್ಲ. ಎಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ದಕ್ಷಿಣಕ್ಕೆ ಕಾಲಿಡದವಳು ಹೊಸ ಬೂಟು ಹೊಲಿದುಕೊಂಡು ಕಾಯುತ್ತಿದ್ದಳು.

ಇತ್ತ ಔಕ್‌ವಿಕ್‌ನ ತಗ್ಗು ಇಳಿಯುತ್ತಲೇ ಇತ್ತು. ಹೊಸ ರೋಲರ್ ತಂದು ಪದರ ಪದರವಾಗಿ, ಗೋಡ್ರೋ ಹೇಳಿದ ಹಾಗೆಯೇ ಹಾಕಿ ಹೊಡೆದೆ. ಎರಡು ವಾರದಲ್ಲಿ ಅದೂ ಕೂತಿತು. ನಿಜ ಹೇಳಿಬಿಡೋಣವೆಂದು ಒಂದು ಸಲ ಅವನ ನಂಬರಿಗೆ ಫೋನ್ ಮಾಡಿದೆ. ಸಂದೇಶ ಬಿಡಿ ಎಂದಿತು ಯಂತ್ರ. ಯಂತ್ರಕ್ಕೆ ಏನೆಂದು ಹೇಳುವುದು? ಇಟ್ಟುಬಿಟ್ಟೆ. ಇನ್ನೊಂದು ಸಲ ಮಾಡಬಹುದಿತ್ತು, ಮಾಡಲಿಲ್ಲ. ತಜ್ಞರನ್ನು ಹೇಡಿಗಳೆಂದು ಆಡಿಕೊಳ್ಳುವ ನಾನು ಎಂಥವನು ಎಂಬುದಕ್ಕೆ ಇಷ್ಟು ಸಾಕು.

ಮೇ ತಿಂಗಳಲ್ಲಿ ವಿಮಾನದ ಮುಂದಿನ ಚಕ್ರ ತಗ್ಗಿಗೆ ಬಿದ್ದು ಎದ್ದಿತು. ಪೈಲಟ್ ನನಗೆ ಬೈದು, ಮೇಲಿನವರಿಗೂ ಬರೆದ. ಜೂನ್ ಕೊನೆಗೆ ಗೋಡ್ರೋ ಮತ್ತೆ ಇಳಿದ, ಈ ಸಲ ನೆಲ ಕೊರೆಯುವ ಯಂತ್ರದ ಜೊತೆ. ಯಂತ್ರ ಮೂರು ದಿನ ಮಾತ್ರ ನಮ್ಮೂರಲ್ಲಿ, ಆಮೇಲೆ ಮುಂದಿನ ಊರಿಗೆ. ಆದರೆ ಹಿರಿಯರ ಒಪ್ಪಿಗೆಯಿಲ್ಲದೆ ಆ ಪವಿತ್ರ ನೆಲಕ್ಕೆ ಕೈ ಹಾಕುವುದಿಲ್ಲ ಎಂದು ಕೂತ.

ಮತ್ತೆ ಅದೇ ಸಭಾಂಗಣ, ಅದೇ ಕರಿದ ರೊಟ್ಟಿ. ಏಳು ತಿಂಗಳ ಹೊಟ್ಟೆ ಹೊತ್ತ ಸಿಯಾಜಾ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ಗೋಡ್ರೋ ಎದ್ದು, ನಮ್ಮ ಮಾತಿನಲ್ಲಿ "ನಾಕುರ್ಮೀಕ್" ಎಂದು ಧನ್ಯವಾದ ಹೇಳಿ, ಚೀಟಿ ನೋಡಿಕೊಂಡು ಒಂದು ಭಾಷಣ ಮಾಡಿದ. ನಿಮ್ಮ ಪೂರ್ವಜರ ರಕ್ತ ಹರಿದ ನೆಲ ಅದು, ಅವರ ನೋವನ್ನು ನಾವು ಅರಿಯೆವು, ವಿಮಾನದ ನೆಪದಲ್ಲಿ ಅದನ್ನು ಕೆದಕುತ್ತಿರುವುದಕ್ಕೆ ನಾಚಿಕೆಯಾಗುತ್ತಿದೆ, ಕ್ಷಮಿಸಿ, ನೀವು ಬೇಡವೆಂದರೆ ನಾಳೆಯೇ ಯಂತ್ರ ಕಟ್ಟಿಕೊಂಡು ಹೋಗುತ್ತೇವೆ. ಸುಮಾರು ಐದು ನಿಮಿಷ ಹೇಳಿದ. ಕೊನೆಗೆ ತೋಳಿನಿಂದ ಕಣ್ಣೊರೆಸಿಕೊಂಡ.

ನಾನು ಹಿರಿಯರ ಕಡೆ ತಿರುಗಿ ಹೇಳಿದೆ: "ಔಕ್‌ವಿಕ್‌ನಲ್ಲಿ ತೂತು ಕೊರೀಲಾ ಅಂತ ಕೇಳ್ತಿದಾನೆ."

ನೇರವಾಗಿ ಕೆಲಸ ಮುಗಿಯಬೇಕಿತ್ತು. ಹೂಂ ಎಂದು ನಾಲ್ಕು ತಲೆ ಆಡಿಯೂ ಆಗಿತ್ತು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡಳು.

"ಅಷ್ಟು ಹೊತ್ತು ಮಾತಾಡಿದ. ನೀನು ಹೇಳಿದ್ದು ಇಷ್ಟೇನಾ ಅಳಿಯ?"

"ಅವರು ಸುತ್ತಿ ಬಳಸಿ ಮಾತಾಡ್ತಾರೆ ಅತ್ತೆ. ಸಾರ ಇಷ್ಟೇ."

"ಅಳೋ ಹಾಗಿದಾನಲ್ಲ. ತೂತು ಕೊರೆಯೋಕೆ ಯಾರಾದ್ರೂ ಅಳ್ತಾರಾ?"

ಆಗ ಸಿಯಾಜಾ ಬಾಯಿ ಬಿಟ್ಟಳು. ಅವಳು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. "ಅಜ್ಜಿ, ಅವನು ಕ್ಷಮೆ ಕೇಳ್ತಿದಾನೆ. ಔಕ್‌ವಿಕ್‌ನಲ್ಲಿ ನಮ್ಮ ಹಿರೀಕರು ಹೊಡೆದಾಡಿಕೊಂಡು ಸತ್ತಿದ್ರಂತೆ, ಅಲ್ಲಿ ರಕ್ತ ಹರಿದಿತ್ತಂತೆ. ಹೋದ ವರ್ಷ ನೀನೇ ಹೇಳಿದೆಯಂತೆ. ಅದಕ್ಕೇ ಅಲ್ಲಿ ಅಳತೆ ಮಾಡದೆ ಬಿಟ್ಟನಂತೆ."

"ನಾನಾ?" ಎಂದಳು ಅತ್ತೆ. "ನಾನು ಮಾಂಸ ಕೊಳೆತದ್ದು ಹೇಳಿದ್ನಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನು ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ನಾನೇ ಹಾಗೆ ಹೇಳಿದೆ. ತಮಾಷೆಗೆ. ಗರಸಿನ ವಿಷಯಕ್ಕೆ ಅವನ ಮೇಲೆ ಸಿಟ್ಟಿತ್ತು," ಎಂದೆ.

ಮೊದಲು ನಕ್ಕವನು ಮಾರ್ಕುಸಿ. ಆಮೇಲೆ ಇಡೀ ಸಭೆ ನಕ್ಕಿತು. ಮುದುಕರು ತೊಡೆ ತಟ್ಟಿಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಟೋಪಿ ತೆಗೆದು ಸೊಳ್ಳೆ ಕಚ್ಚಿಸಿಕೊಂಡದ್ದು ಯಾಕೆಂದು ಈಗ ಅವರಿಗೆ ತಿಳಿಯಿತು. ಕ್ಷಮೆ ಕೇಳಿದ್ದಕ್ಕೆ ಜನ ಹೀಗೇಕೆ ನಗುತ್ತಾರೆಂದು ಗೊತ್ತಾಗದೆ ಗೋಡ್ರೋ ಚೀಟಿ ಹಿಡಿದುಕೊಂಡು ನಿಂತಿದ್ದ. ನಗದೆ ಇದ್ದವರು ಇಬ್ಬರು. ಸಿಯಾಜಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅತ್ತೆ ನನ್ನನ್ನು ನೋಡುತ್ತಿದ್ದಳು.

ಗೋಡ್ರೋಗೂ ಹೇಳಲೇಬೇಕಾಯಿತು. "ರಕ್ತ ಅಲ್ಲ. ಕರಗೋ ಜಾಗ. ಅವಳು ಹೇಳಿದ್ದು ಕೆಳಗಡೆಯಿಂದ ನೀರು ಬರುತ್ತೆ ಅಂತ."

ಅವನು ಕೂತ. ಕಂಪ್ಯೂಟರು ತೆಗೆದು ಆ ನೀಲಿ ಚಿತ್ರವನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೂ ತಿರುಗಿ ಬೈಯಲು ಅನುಕೂಲವಾಗುತ್ತಿತ್ತು. "ನೀವು ತಗ್ಗು ತೋರಿಸಿದಾಗಲೇ ನಾನು ಅಲ್ಲಿ ಗೂಟ ಹೊಡೀಬೇಕಿತ್ತು," ಎಂದಷ್ಟೇ ಹೇಳಿ ಯಂತ್ರದವರನ್ನು ಕರೆಯಲು ಎದ್ದುಹೋದ. ತಿರಸ್ಕರಿಸಲು ಇಷ್ಟು ದಿನ ಹಿಡಿದುಕೊಂಡಿದ್ದ ಆಸಾಮಿ ಕೈತಪ್ಪಿ ಹೋದ ಎಂದು ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನವೇ ಕೊರೆದರು. ಎರಡು ಮೀಟರಿಗೆ ನೀರು. ಆರು ಮೀಟರು ಇಳಿದರೂ ಕೊಳವೆಯಲ್ಲಿ ಬಂದದ್ದು ಅಂಬಲಿಯಂಥ ಕೆಸರು. ಗಟ್ಟಿ ನೆಲ ಸಿಕ್ಕಿದ್ದು ಅದರ ಕೆಳಗೆ. ಇಷ್ಟು ವರ್ಷ ನಾನು ಗರಸು ಹಾಕಿದ್ದು ನೀರಿನ ಮೇಲೆ.

ಮಾರನೆಯ ದಿನ ಬೆಳಿಗ್ಗೆ ಮೇಲಿನಿಂದ ಆದೇಶ ಬಂತು. ಗುರುವಾರದ ವಿಮಾನವೇ ಕೊನೆಯದು. ಆಮೇಲೆ ರಿಪೇರಿ ಮುಗಿಯುವವರೆಗೆ, ಅಂದರೆ ಅಕ್ಟೋಬರಿನವರೆಗೆ, ಅರ್ಧ ರನ್‌ವೇಯಲ್ಲಿ ಇಳಿಯುವ ಪುಟ್ಟ ವಿಮಾನ ಮಾತ್ರ. ಅದು ಟಪಾಲು ಮತ್ತು ರೋಗಿಗಳಿಗೆ, ಅದೂ ನೆಲ ಒಣಗಿದ್ದರೆ. ನರ್ಸ್ ಮನೆಗೇ ಬಂದಳು. "ಒಂದು ಮಗು ಹೋದವಳನ್ನ ಒಣ ನೆಲ ನಂಬ್ಕೊಂಡು ನಾನು ಇಲ್ಲಿ ಇಟ್ಕೊಳ್ಳಲ್ಲ. ಗುರುವಾರವೇ ಹೊರಡ್ಲಿ," ಎಂದಳು.

"ನಾನೂ ಹೊರಡ್ತೀನಿ," ಎಂದಳು ಅತ್ತೆ. ಸಿಯಾಜಾ ಅದನ್ನು ನರ್ಸ್‌ಗೆ ಹೇಳಿದಳು.

ನರ್ಸ್ ಚೀಟಿ ತೆಗೆದು ನೋಡಿದಳು. ಮೂರು ವಾರ. ಹೆರಿಗೆಗೆ ಇನ್ನೂ ಎಂಟು ವಾರವಿತ್ತು. ಈಗಲೇ ಹೋದರೆ ಹೆರಿಗೆಗೆ ಮೊದಲೇ ಜೊತೆಗಾರರ ದಿನ ಮುಗಿದು ವಾಪಸು ಕಳಿಸುತ್ತಾರೆ. ಆಗಸ್ಟಿನಲ್ಲಿ ಹೋಗೋಣವೆಂದರೆ ಜೊತೆಗಾರರನ್ನು ಹತ್ತಿಸುವ ವಿಮಾನವಿಲ್ಲ. ಹೋದ ಶರತ್ಕಾಲದಲ್ಲಿ ಆ ಲಾರಿಗಳು ಉತ್ತರದ ತುದಿಗೆ ಹೋಗದೆ ಔಕ್‌ವಿಕ್‌ಗೆ ಬಂದಿದ್ದರೆ ಇದಾವುದೂ ಇರುತ್ತಿರಲಿಲ್ಲ. ನಾನು ನರ್ಸ್ ಹತ್ತಿರ ಬೇಡಿಕೊಂಡೆ, ಅವಳ ಮೇಲಿನವರಿಗೆ ಫೋನ್ ಮಾಡಿ ಬೇಡಿಕೊಂಡೆ. ನಿಯಮ, ನಿಯಮ ಎಂದರು.

ಗುರುವಾರ ಮಧ್ಯಾಹ್ನ ಸಿಯಾಜಾ ಏಣಿ ಹತ್ತಿದಳು. ಅಜ್ಜಿ ಹೊಲಿದಿದ್ದ ಹೊಸ ಬೂಟು ಅವಳ ಕಾಲಿಗೆ ದೊಡ್ಡದು, ಆದರೂ ಹಾಕಿಕೊಂಡಿದ್ದಳು. ನಾನು ಅಪ್ಪಿಕೊಳ್ಳಲು ಹೋದಾಗ ಬೇಡವೆನ್ನಲಿಲ್ಲ. "ಅಪ್ಪ, ಇನ್ನಾದ್ರೂ ಜನಾನ ಅಷ್ಟು ಕೀಳಾಗಿ ನೋಡ್ಬೇಡ," ಎಂದಳು, ಅಷ್ಟೇ. ಸಾಮಾನೆಲ್ಲ ಇಳಿಸಿ ಹಗುರಾಗಿದ್ದ ವಿಮಾನ ತಗ್ಗಿನ ಹತ್ತಿರ ಬರದೆ ಅರ್ಧದಲ್ಲೇ ಎದ್ದಿತು. ಅದು ಕಾಣದಾಗುವವರೆಗೆ ಅತ್ತೆ ಬೇಲಿ ಹಿಡಿದುಕೊಂಡು ನಿಂತಿದ್ದಳು. ಸಭೆಯ ದಿನದಿಂದ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದಳು.

"ಅತ್ತೆ, ಗಾಳಿ ಜಾಸ್ತಿ ಇದೆ. ಟ್ರಕ್ ಹತ್ತು, ಮನೆಗೆ ಬಿಡ್ತೀನಿ," ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ನಿಲ್ದಾಣದ ಬಾಗಿಲಲ್ಲಿ ನಿಂತಿದ್ದ ಮಾರ್ಕುಸಿಯ ಕಡೆ ತಿರುಗಿದಳು. "ಏನಂತಾನೆ ಇವನು?"

ನಾನು ಹೇಳಿದ್ದು ಅವಳದೇ ಮಾತಿನಲ್ಲಿ. ನಾನು ಹುಟ್ಟಿದಾಗಿನಿಂದ ಆಡಿದ್ದು ಅದನ್ನೇ. ಮಾರ್ಕುಸಿ ನಗುತ್ತಾನೆಂದುಕೊಂಡೆ, ನಗಲಿಲ್ಲ. ನನ್ನನ್ನು ನೋಡಿ, ಅವಳನ್ನು ನೋಡಿ, ನಿಧಾನವಾಗಿ ಹೇಳಿದ: "ಗಾಳಿ ಜಾಸ್ತಿ ಇದೆಯಂತೆ. ಟ್ರಕ್ ಹತ್ತಬೇಕಂತೆ. ಮನೆಗೆ ಬಿಡ್ತಾನಂತೆ."

"ಅಷ್ಟೇನಾ ಅಂದಿದ್ದು?"

"ಅಷ್ಟೇ."

ಅವಳು ಟ್ರಕ್ ಹತ್ತಿದಳು. ಬಾಗಿಲು ಹಾಕಲು ಹೋದೆ, ಕೈ ಅಡ್ಡ ಹಿಡಿದು ಮಾರ್ಕುಸಿಯನ್ನು ಕರೆದಳು.

"ನೀನೂ ಬಾ. ದಾರೀಲಿ ಇವನು ಇನ್ನೇನಾದ್ರೂ ಮಾತಾಡಬಹುದು."